ಶೆಡ್ಡಿನ ಬಾಗಿಲಿಗೆ ಕಟ್ಟಿದ ಟವೆಲ್

ಅತ್ತೆ,

ಎಲ್ಲರೂ ಕ್ಷೇಮ ಎಂದು ಶುರು ಮಾಡೋಣವೆಂದರೆ ಕೈ ಏಳುತ್ತಿಲ್ಲ. ಒಂದೇ ಮನೆ, ನಡುವೆ ಒಂದು ತೆಳು ಗೋಡೆ, ಆ ಕಡೆಯಿಂದ ನಿಮ್ಮ ಕೆಮ್ಮು ಕೇಳಿಸುತ್ತಿದೆ. ಹೀಗಿದ್ದೂ ಸೊಸೆ ಕಾಗದ ಬರೆಯುತ್ತಾಳೆಂದರೆ ಇವಳಿಗೆ ತಲೆ ಕೆಟ್ಟಿದೆ ಎಂದು ನೀವು ಅಂದೇ ಅನ್ನುತ್ತೀರಿ. ಅನ್ನಿ. ಬಾಯಲ್ಲಿ ಹೇಳಲು ಹೊರಟರೆ ನೀವು ಟಿವಿಯ ಸದ್ದು ಜಾಸ್ತಿ ಮಾಡುತ್ತೀರಿ. ಕಾಗದಕ್ಕೆ ಆ ಉಪಾಯ ನಡೆಯುವುದಿಲ್ಲ.

ನನಗೆ ಹೆದರಿಕೆಯಾಗಿದೆ, ಅತ್ತೆ. ಮೊನ್ನೆ ಮಂಗಳವಾರದಿಂದ ಶುರುವಾದದ್ದು ಇನ್ನೂ ಇಳಿದಿಲ್ಲ. ನಿನ್ನೆ ಮಿಸೊ ಸಾರಿಗೆ ಎರಡು ಸಲ ಆ ಉಪ್ಪುಪ್ಪು ಸೋಯಾ ಮುದ್ದೆ ಹಾಕಿದೆ, ನೀವು ಒಂದು ಮಾತೂ ಅನ್ನದೆ ಕುಡಿದಿರಿ. ನನ್ನ ಸಾರಿನಲ್ಲಿ ತಪ್ಪು ಹುಡುಕದೆ ನೀವು ಊಟ ಮುಗಿಸಿದ್ದು ನಾನು ಈ ಮನೆಗೆ ಬಂದ ಮೇಲೆ ಇದೇ ಮೊದಲು. ಅದಕ್ಕೇ ಇನ್ನಷ್ಟು ಹೆದರಿದೆ.

ಮಂಗಳವಾರ ನೀವು ಕೆಳಗೆ ಬಂದರಿನಲ್ಲಿದ್ದಿರಿ, ನಾನು ಮೇಲೆ ಗುಡ್ಡದಲ್ಲಿದ್ದೆ. ಮೇಲೆ ಏನಾಯಿತೆಂದು ನೀವು ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ಅವತ್ತು ನಾಗಾನೊ ಕಡೆಯ ಶಾಲೆಯ ಮಕ್ಕಳು ಬಂದಿದ್ದರು. ಬೆಟ್ಟದೂರಿನವರು, ಕೆಲವರು ಸಮುದ್ರ ನೋಡಿದ್ದೇ ಅವತ್ತು. ನಮ್ಮ ಊರು ಆ ಸುನಾಮಿಗೆ ಹೇಗೆ ಕೊಚ್ಚಿಹೋಯಿತು, ಹೇಗೆ ಎದ್ದು ನಿಂತಿತು ಎಂದು ಬಸ್ಸುಗಟ್ಟಲೆ ಬರುವವರಿಗೆ ತೋರಿಸುವುದೇ ಈಗ ನನ್ನ ಉದ್ಯೋಗವಲ್ಲವೇ. ಎತ್ತರಿಸಿದ ತಡೆಗೋಡೆ, ಮನೆಗಳೆಲ್ಲ ಹೋಗಿ ಈಗ ಹುಲ್ಲು ಬೆಳೆದಿರುವ ನಮ್ಮ ಹಳೆಯ ಓಣಿ, ಆಮೇಲೆ ಬಂದರಿನ ಪಕ್ಕ ನೀವೆಲ್ಲ ಕೂತು ಕಡಲಿನ ವಾಕಾಮೆ ಸೊಪ್ಪಿನ ದಂಟು ಬಿಡಿಸುವ ಶೆಡ್ಡುಗಳು. ಶೆಡ್ಡಿನ ಹತ್ತಿರ ಬಂದಾಗ ತೆತ್ಸುಯ ಅವರ ಕತೆ ಹೇಳುತ್ತೇನೆ.

ನಿಮ್ಮ ಮಗನ ಕತೆ ಹೇಳಿ ಹೇಳಿ ನನ್ನ ಬಾಯಲ್ಲಿ ಅದು ಪಾಠದಂತೆ ನಯವಾಗಿಬಿಟ್ಟಿದೆ. ಭೂಮಿ ನಡುಗಿದಾಗ ನನ್ನ ಗಂಡ ಎತ್ತರದ ರಸ್ತೆಯಲ್ಲಿದ್ದರು, ಕ್ಷೇಮವಾಗಿದ್ದರು. ಅಮ್ಮ ಮನೆಯಲ್ಲಿ ಒಬ್ಬಳೇ ಇದ್ದಾಳೆಂದು ಸಣ್ಣ ಲಾರಿ ತಿರುಗಿಸಿಕೊಂಡು ಕೆಳಗೆ ಹೋದರು. ಅಮ್ಮ ಅಷ್ಟರಲ್ಲಿ ಗುಡ್ಡದ ಗುಡಿ ಸೇರಿಯಾಗಿತ್ತು. ಅವರು ತಿರುಗಿ ಬರಲಿಲ್ಲ. ಇಷ್ಟು ಹೇಳಿ, ಅದಕ್ಕೇ ನಮ್ಮೂರಲ್ಲಿ ಈಗ ಯಾರೂ ಯಾರನ್ನೂ ಕರೆತರಲು ಹೋಗುವುದಿಲ್ಲ, ಎಲ್ಲಿದ್ದವರು ಅಲ್ಲಿಂದಲೇ ಹತ್ತಬೇಕು, ಹತ್ತುವ ಮುಂಚೆ ಬಾಗಿಲಿಗೆ ಬಿಳಿ ಟವೆಲ್ ಕಟ್ಟಬೇಕು ಎನ್ನುತ್ತೇನೆ. ಟವೆಲ್ ಕಂಡರೆ ಒಳಗಿದ್ದವರು ಹೋಗಿಯಾಯಿತು, ಹುಡುಕಬೇಡಿ ಎಂದರ್ಥ. ಅವತ್ತು ಬೆಳಿಗ್ಗೆ ಮಕ್ಕಳ ಜೊತೆ ನೀವೂ ಗುಡ್ಡದವರೆಗೆ ಸುನಾಮಿಯ ಅಣಕು ಓಟ ಓಡಿದಿರಿ, ಅಂದರೆ ಮಂಡಿ ಹಿಡಿದುಕೊಂಡು ನಡೆದಿರಿ. ಅಣಕು ಮುಗಿದ ಮೇಲೆ ಎಲ್ಲರೂ ಟವೆಲ್ ಬಿಚ್ಚಿಕೊಂಡು ಮತ್ತೆ ಸೊಪ್ಪಿನ ಮುಂದೆ ಕೂತರು. ನಿಮ್ಮದನ್ನು ನಾನು ನೋಡಲಿಲ್ಲ.

ಊಟ ಮುಗಿಸಿ ಮಕ್ಕಳನ್ನು ತಡೆಗೋಡೆಯ ಗೇಟು ತೋರಿಸಲು ಕರೆದೊಯ್ದಿದ್ದೆ. ಭೂಕಂಪದ ಎಚ್ಚರಿಕೆಗೆ ಎಲ್ಲರ ಫೋನೂ ಒಮ್ಮೆಲೇ ಕಿರುಚಿತು, ಹಿಂದೆಯೇ ನೆಲ ನಡುಗಿತು. ನಿಲ್ಲಲಾಗದೆ ಕೂತೆವು. ಒಂದು ಹುಡುಗಿ ನನ್ನ ಕೋಟು ಹಿಡಿದುಕೊಂಡು, ಇದೂ ಅಣಕೇನಾ ಎಂದು ಕೇಳಿತು. ನಡುಕ ನಿಲ್ಲುವ ಹೊತ್ತಿಗೆ ಊರಿನ ಮೈಕು ಸುನಾಮಿ, ಸುನಾಮಿ, ಎತ್ತರಕ್ಕೆ ಹೋಗಿ ಎಂದು ಕೂಗತೊಡಗಿತ್ತು. ನನ್ನ ಬಾಯಿ ತನ್ನ ಪಾಡಿಗೆ ಮಕ್ಕಳಿಗೆ ಹೇಳುತ್ತಿತ್ತು, ಓಡಿ, ತಿರುಗಿ ನೋಡಬೇಡಿ ಎಂದು.

ಗುಡ್ಡಕ್ಕೆ ಹೋಗುವ ದಾರಿ ನಿಮ್ಮ ಶೆಡ್ಡಿನ ಮುಂದೆಯೇ. ಬಾಗಿಲು ಮುಚ್ಚಿತ್ತು. ಹಿಡಿಗೆ ಟವೆಲ್ ಕಟ್ಟಿತ್ತು. ಸದ್ಯ, ಅತ್ತೆ ಹತ್ತಿದ್ದಾರೆ ಎಂದು ಎದೆ ಹಗುರಾಯಿತು. ಕಾಲು ನಿಧಾನ ಮಾಡದೆ ದಾಟಿಹೋದೆ. ಬಾಗಿಲಿಗೂ ನನಗೂ ಒಂದು ತೋಳಿನಷ್ಟೂ ಅಂತರವಿರಲಿಲ್ಲ.

ಮೇಲೆ ಗುಡಿಯ ಅಂಗಳದಲ್ಲಿ ಬೇರೆ ಶೆಡ್ಡುಗಳ ಹೆಂಗಸರೆಲ್ಲ ಕೂತಿದ್ದರು, ಕೈಗೆ ಇನ್ನೂ ರಬ್ಬರ್ ಗ್ಲೌಸು. ನಮ್ಮ ಗೈಡುಗಳ ತಂಡದ ಹಿರಿಯ ಒಯಿಕಾವಾ ಅವರು ತಲೆ ಎಣಿಸುತ್ತಿದ್ದರು. ಪಕ್ಕದ ಶೆಡ್ಡಿನ ನೊಬುಯೆ ನನ್ನನ್ನು ಕಂಡವಳೇ ಎದ್ದು ಬಂದು, "ಅತ್ತೆ ನಿಮ್ ಜೊತೆ ಬರ್ಲಿಲ್ವಾ?" ಎಂದಳು.

ನಿಮಗೆ ಫೋನು ಮಾಡಿದೆ. ಅದು ಇಲ್ಲಿ, ಮನೆಯಲ್ಲಿ, ಅಕ್ಕಿ ಡಬ್ಬದ ಮೇಲೆ ಹೊಡೆದುಕೊಳ್ಳುತ್ತಿದ್ದಿರಬೇಕು. ಎಷ್ಟು ಸಲ ಹೇಳಿದ್ದೇನೆ ಜೇಬಲ್ಲಿಟ್ಟುಕೊಳ್ಳಿ ಎಂದು. ಗುಡಿಯ ಹಿಂದೆ ಹುಡುಕಿದೆ, ಪಾಯಿಖಾನೆ ನೋಡಿದೆ. ಹೆಸರು ಹಿಡಿದು ಕೂಗಿದೆ, ಸೊಸೆ ಅತ್ತೆಯ ಹೆಸರು ಕೂಗುವುದೇ ಎಂದು ಯಾರೂ ನಗಲಿಲ್ಲ. ಎಲ್ಲೂ ನೀವಿರಲಿಲ್ಲ. ನಾನು ಮೆಟ್ಟಿಲ ತಲೆಗೆ ಬಂದು ನಿಂತೆ. ಒಂದು ಕಾಲು ಕೆಳಗಿನ ಮೆಟ್ಟಿಲಿಗೆ ಇಟ್ಟೂ ಆಗಿತ್ತು.

ಒಯಿಕಾವಾ ಅವರು ನನ್ನನ್ನು ಹಿಡಿಯಲಿಲ್ಲ, ಅಡ್ಡ ನಿಲ್ಲಲೂ ಇಲ್ಲ. ಪಕ್ಕಕ್ಕೆ ಬಂದು ಮೆಲ್ಲಗೆ, "ಇಕುಕೊ, ಹಿಂದೆ ಮಕ್ಕಳು ನೋಡ್ತಿದಾವೆ. ಈಗ ನೀನು ಇಳಿದ್ರೆ, ಬೆಳಿಗ್ಗೆ ಹೇಳಿದ್ದೆಲ್ಲ ಬರೀ ಬಾಯಿಮಾತು ಅಂತ ತಿಳ್ಕೋತಾವೆ" ಎಂದರು.

ಇಳಿಯಲಿಲ್ಲ, ಅತ್ತೆ. ಕಂಬಿ ಹಿಡಿದುಕೊಂಡು ನಿಂತೆ. ನೀರು ಹಿಂದಕ್ಕೆ ಸರಿಯಿತು, ಬಂದರಿನ ತಳದ ಕೆಸರು ಕಾಣಿಸಿತು, ದೋಣಿಗಳು ಮಗ್ಗುಲಿಗೆ ವಾಲಿದವು. ಹುಡುಗರಲ್ಲಿ ಒಬ್ಬ, ಇಷ್ಟೇನಾ ಎಂದ. ನನಗೆ ಅವನ ಬಾಯಿ ಮುಚ್ಚಬೇಕೆನಿಸಿತು. ಆಮೇಲೆ ನೀರು ತಿರುಗಿ ಬಂತು. ಕಂದು ಬಣ್ಣದ್ದು, ಆತುರವೇ ಇಲ್ಲದ್ದು. ದೋಣಿ ಕಟ್ಟುವ ದಕ್ಕೆಯ ಮೇಲೆ ಹತ್ತಿ, ಶೆಡ್ಡುಗಳ ನಡುವೆ ನುಗ್ಗಿ, ನಿಮ್ಮ ಬಾಗಿಲ ಬುಡಕ್ಕೆ ಬಂತು. ಇನ್ನು ಏರುತ್ತದೋ ಇಲ್ಲವೋ ಗೊತ್ತಿರಲಿಲ್ಲ. ನೋಡಬಾರದೆಂದು ಕಣ್ಣು ಮುಚ್ಚಿದರೆ ಇನ್ನೂ ದೊಡ್ಡದು ಕಾಣಿಸುತ್ತಿತ್ತು. ಅಷ್ಟು ಹೊತ್ತು ನಾನು ಯಾವ ದೇವರಿಗೂ ಕೈಮುಗಿಯಲಿಲ್ಲ, ಬರೀ ನಿಮ್ಮನ್ನು ಬೈಯುತ್ತಿದ್ದೆ.

ಅದು ಅಷ್ಟಕ್ಕೇ ನಿಂತಿತು. ಸುನಾಮಿ ಎಚ್ಚರಿಕೆ ಹಿಂತೆಗೆದ ಮೇಲೆ, ಹೊತ್ತು ಇಳಿಯುವಾಗ, ನೀವು ಬೆನ್ನಿಗೆ ಸೊಪ್ಪಿನ ಚೀಲ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದಿರಿ, ಸಂತೆ ಮುಗಿಸಿ ಬಂದವರ ಹಾಗೆ. ನೆಲ ಒದ್ದೆಯಾಯಿತು, ಉಪ್ಪಿನ ಮೂಟೆ ಎತ್ತಿಡುವಷ್ಟರಲ್ಲಿ ಸಾಕಾಯಿತು ಅಂದಿರಿ. ನಾನು ಎಲ್ಲರೆದುರು ನಿಮ್ಮ ಮೇಲೆ ಕೂಗಾಡಿದೆ. ಬೆಳಗಿನ ಟವೆಲ್ ಬಿಚ್ಚಲು ಮರೆತು ನನ್ನನ್ನು ಸಾಯಿಸಿಬಿಡುತ್ತಿದ್ದಿರಲ್ಲ ಎಂದೆ. ನೀವು, ಮಕ್ಕಳಿಗೆ ಊಟ ಆಯಿತಾ ಎಂದು ನೊಬುಯೆಯನ್ನು ಕೇಳಿದಿರಿ.

ಮರುದಿನ ನೀವು ಮಂಡಿ ತೋರಿಸಲು ಆಸ್ಪತ್ರೆಗೆ ಹೋದಾಗ ನಾನು ಶೆಡ್ಡಿನ ಹತ್ತಿರ ಹೋಗಿದ್ದೆ. ಟವೆಲ್ ಅಲ್ಲೇ ಇತ್ತು. ಬಿಚ್ಚಲು ನೋಡಿದೆ, ಬರಲಿಲ್ಲ. ಗಂಟು ಬಿಗಿದು ಕಲ್ಲಾಗಿತ್ತು. ಬಟ್ಟೆ ಬಿಸಿಲಿಗೆ ಹಳದಿಗಟ್ಟಿತ್ತು, ಹಿಡಿಯ ತುಕ್ಕು ಮಡಿಕೆ ಮಡಿಕೆಗೂ ಇಳಿದಿತ್ತು. ಒಂದು ಬೆಳಗಿನಲ್ಲಿ ಹೀಗಾಗುವುದಿಲ್ಲ, ಒಂದು ಚಳಿಗಾಲದಲ್ಲೂ ಆಗುವುದಿಲ್ಲ. ದಿನಾ ಅದರ ಮುಂದೆ ಮಕ್ಕಳನ್ನು ನಿಲ್ಲಿಸಿ ಮಾತಾಡುವವಳು ನಾನು. ಒಣಗಲು ಹಾಕಿದ್ದೆಂದುಕೊಂಡೆನೋ, ಅಥವಾ ಕಂಡೂ ಕಾಣಲಿಲ್ಲವೋ.

ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. ನೀವು ಚಾಪ್‌ಸ್ಟಿಕ್ ಕೆಳಗಿಟ್ಟು ಹೇಳಿದ ಮಾತು ನನ್ನ ಕಿವಿಯಲ್ಲಿ ಹಾಗೇ ಇದೆ. "ಅವನು ನನ್ನ ಹುಡುಕ್ಕೊಂಡು ಹೋದ. ಇನ್ಯಾರೂ ಹೋಗೋದು ಬೇಡ ಅಂತ ಕಟ್ಟೇ ಇಟ್ಟಿದೀನಿ. ನನ್ ಮಂಡೀಲಿ ಆ ಗುಡ್ಡ ಹತ್ತೋಕಾಗಲ್ಲ, ನಿಂಗೂ ಗೊತ್ತು." ಎದ್ದು ಹೋಗಿ ಟಿವಿ ಹಾಕಿದಿರಿ.

ಗುಡ್ಡ ಹತ್ತಲಾಗುವುದಿಲ್ಲವೇ? ಬೆಳಗಿನ ಅಣಕಿಗೆ ಹತ್ತಿದಿರಿ. ಸಂಜೆ ಚೀಲ ಹೊತ್ತೂ ಹತ್ತಿದಿರಿ. ಹತ್ತಬಾರದೆಂದು ತೀರ್ಮಾನ ಮಾಡಿಕೊಂಡಿದ್ದೀರಿ, ಅತ್ತೆ. ಮಂಗಳವಾರ ನೀವು ಮರೆತದ್ದಲ್ಲ. ಶೆಡ್ಡಿನ ಕಿಟಕಿಯಿಂದ ನಾನು ದಾಟಿಹೋಗುವುದನ್ನು ನೋಡಿದ್ದೀರಿ, ಸದ್ಯ ಇವಳು ನಿಲ್ಲಲಿಲ್ಲ ಎಂದು ನಿಮಗೂ ಎದೆ ಹಗುರಾಗಿದೆ. ಇದು ಗೊತ್ತಾದ ಮೇಲೆ ನೀರಿಗಿಂತ ನಿಮ್ಮನ್ನು ಕಂಡರೇ ನನಗೆ ಹೆಚ್ಚು ಭಯ. ಬೆಳಿಗ್ಗೆ ನೀವು ಬೂಟು ಹಾಕಿಕೊಂಡು ಬಂದರಿಗೆ ಹೊರಟರೆ ಬಾಗಿಲಲ್ಲಿ ನಿಂತು ನೋಡುತ್ತೇನೆ. ಇವರು ಕೆಲಸಕ್ಕೆ ಹೋಗುತ್ತಿದ್ದಾರೋ, ಮಗನಿಗಾಗಿ ಕಾಯಲು ಹೋಗುತ್ತಿದ್ದಾರೋ ಎಂದು.

ಟವೆಲ್ ಬಿಚ್ಚಿ ಎಂದು ನಾನು ಕೇಳುವುದಿಲ್ಲ. ಬೇಕಾದರೆ ಮೊಳೆ ಹೊಡೆದುಬಿಡಿ. ಅದು ಇದ್ದರೂ ಇಲ್ಲದಿದ್ದರೂ ನಾನು ನಿಮ್ಮನ್ನು ಕರೆಯಲು ಬರುವುದಿಲ್ಲ, ಇದನ್ನು ತೆತ್ಸುಯ ಅವರ ಆಣೆ ಹಾಕಿ ಬರೆಯುತ್ತಿದ್ದೇನೆ. ನೀವು ಬಯಸಿದ್ದೂ ಅದೇ ತಾನೇ? ನನ್ನ ಹಿಂದೆ ಯಾರದೋ ಮನೆಯ ಮಕ್ಕಳಿರುತ್ತವೆ, ಅವನ್ನು ಕರೆದುಕೊಂಡು ನಾನು ಹತ್ತುತ್ತೇನೆ. ಹತ್ತಿ, ಕಂಬಿ ಹಿಡಿದು, ಕೆಳಗೆ ನೋಡುತ್ತಾ ನಿಲ್ಲುತ್ತೇನೆ.

ಅಲ್ಲಿ ನಿಲ್ಲುವುದೆಂದರೆ ಏನೆಂದು ಈ ಊರಲ್ಲಿ ನಿಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಆ ದಿನ ಅದೇ ಮೆಟ್ಟಿಲ ತಲೆಯಲ್ಲಿ ನಿಂತು, ಮಗನ ಲಾರಿ ಕೆಳಗಿಳಿಯುವುದನ್ನು ನೋಡಿದವರು ನೀವು. ನೀವು ಕೂಗಿದ್ದು ಅವರಿಗೆ ಕೇಳಿಸಲಿಲ್ಲ. ಅಲ್ಲಿಂದ ಉಳಿದು ಬಂದು ನೀವು ಹೇಗೆ ಬದುಕಿದ್ದೀರೆಂದು ಈ ತೆಳು ಗೋಡೆಯ ಈಚೆ ಮಲಗಿ ನಾನು ಕೇಳಿಸಿಕೊಂಡಿದ್ದೇನೆ. ಆ ಜಾಗವನ್ನು ನನಗೆ ಬಿಟ್ಟುಹೋಗಬೇಡಿ, ಅತ್ತೆ. ನಾನು ಬರುವುದಿಲ್ಲ. ನೀವೇ ಬನ್ನಿ.

ನಿಮ್ಮ ಮಂಡಿಗೆ ಬಲ ಬರಲಿ, ಮೊಂಡುತನ ಸ್ವಲ್ಪ ಕಡಿಮೆಯಾಗಲಿ.

ನಿಮಗಾಗಿ ಮೇಲೆ ಕಾದಿರುವ,
ಇಕುಕೊ