ನಿನ್ನ ಹೆಸರಿನ ಬಸವ

ಹುತ್ತೂರು, 1938

ಆವಲಪ್ಪ,

ಓದುವುದಕ್ಕೆ ನೀನಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನೀನು ಸತ್ತ ಹನ್ನೊಂದನೆಯ ದಿನ ನಿನ್ನ ಹೆಸರಿನಲ್ಲಿ ಒಂದು ಹೋರಿಕರುವಿಗೆ ಮುದ್ರೆ ಒತ್ತಿ ದೇವರಿಗೆ ಬಿಟ್ಟೆವು. ಅದೀಗ ಗೂಳಿಯಾಗಿ ಬೆಳೆದು ಕಂಡವರನ್ನು ಹಾಯುತ್ತಿದೆ. ಯುಗಾದಿಯ ಮಾರನೆಯ ದಿನ ಅದು ಹಾಯ್ದು ನಿನ್ನ ಗೆಳೆಯ ಅಜ್ಮತುಲ್ಲಾನ ಬಲಗೈ ಮುರಿಯಿತು. ಇನ್ನು ಅವನು ಪಾತ್ರೆಗೆ ಕಲಾಯಿ ಹಾಕಲಾರ.

ಪರಿಹಾರಕ್ಕೆಂದು ಅವನು ಹಾಕಿದ್ದ ದಾವಾಕ್ಕೆ ಇವತ್ತು ಅವನೂ ನಾನೂ ಕೋಲಾರದ ಕೋರ್ಟಿಗೆ ಹೋಗಿದ್ದೆವು. "ಗೂಳಿ ಯಾರದು?" ಎಂದರು ಮುನ್ಸೀಫರು. "ನನ್ನದೇ ಸ್ವಾಮಿ, ತಪ್ಪೂ ನನ್ನದೇ" ಎಂದೆ. "ದೇವರಿಗೆ ಬಿಟ್ಟ ಮೇಲೆ ನಿನ್ನದು ಹೇಗಾಗುತ್ತದಯ್ಯ? ಅದಕ್ಕೆ ಯಜಮಾನನೇ ಇಲ್ಲ" ಎಂದು ದಾವಾ ವಜಾ ಮಾಡಿದರು. ಎಂಥ ಹಾಳು ಕಾನೂನೋ! ಮುರಿದ ಕೈ ಎದುರಿಗಿದೆ, ಹೊಣೆ ಹೊರುತ್ತೇನೆಂದು ನಾನೂ ಎದುರಿಗಿದ್ದೇನೆ, ಆದರೂ ಆಗುವುದಿಲ್ಲವಂತೆ.

ಹೊರಗೆ ಬಂದಾಗ ಅಜ್ಮತುಲ್ಲಾ, "ನನ್ ಕೈ ಹೋಯ್ತು, ಹೋಗ್ಲಿ ಬಿಡಿ ದೊಡ್ಡಪ್ಪ. ಇನ್ನೊಬ್ಬರ ಮೇಲೆ ಬೀಳೋದ್ರೊಳಗೆ ಅದನ್ನ ಕಟ್ಟಾಕ್ಬಿಡಿ" ಎಂದ. ನನ್ನನ್ನು ಅವನು ಕೇಳಿದ್ದು ಅಷ್ಟೇ.

ಮನೆಗೆ ಬಂದು ಹಗ್ಗ ತೆಗೆದೆ. ನಿಮ್ಮಮ್ಮ ಅಡ್ಡ ನಿಂತಳು. "ನನ್ ಮಗನ್ನ ಕಟ್ಟಾಕ್ತೀಯಾ? ಬದುಕಿದ್ದಾಗ ಬೈದಿದ್ದು ಸಾಲ್ದಾ ನಿಂಗೆ?" ಎಂದಳು. ಅಷ್ಟರಲ್ಲಿ ಗೂಳಿಯೇ ಬಾಗಿಲಿಗೆ ಬಂತು. ಅವಳು ನಿನ್ನ ಹೆಸರು ಹಿಡಿದು ಕರೆದು ಬೂಸಾ ಇಟ್ಟಳು. ಅದು ತಲೆ ತಗ್ಗಿಸಿ ತಿನ್ನತೊಡಗಿತು. ನಾನು ಹಗ್ಗ ಹಿಡಿದು ನಿಂತೇ ಇದ್ದೆ. ಗದರಿಸಿ ಓಡಿಸೋಣವೆಂದರೆ, ನಿನ್ನನ್ನು ಅಷ್ಟು ಬೈದ ಈ ಬಾಯಿಗೆ ಅದೂ ಬರಲಿಲ್ಲ ಕಣೋ.