ನಾಲ್ಕು ತಿಂಗಳು ಮುಟ್ಟದ ರೊಟ್ಟಿ

ಭಾಗ್ಯನಗರ, ಕೊಪ್ಪಳ
ಬುಧವಾರ, 10 ಸೆಪ್ಟೆಂಬರ್ 2025

ಪ್ರೀತಿಯ ಅವ್ವಾ,

ಆರಾಮ ಅದಿಯಿಲ್ಲೋ? ಮೊಳಕಾಲು ನೋವು ಹೇಗಿದೆ? ಮಡಗಾಂವದಲ್ಲಿ ಮಳೆ ಬಿಡುವುದೇ ಇಲ್ಲ ಅಂತ ಚಿಗವ್ವ ಹೇಳಿದಳು. ಆ ಸಾಹೇಬರ ಅಡುಗೆಮನೆಯ ತಣ್ಣನೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕೆಲಸ ಮಾಡಬೇಡ, ಚಪ್ಪಲಿ ಹಾಕಿಕೊ. ಅವರು ಬೇಡ ಅಂದರೆ ಫೋನ್ ಹಚ್ಚಿ ನನಗೆ ಕೊಡು, ನಾನು ಮಾತಾಡುತ್ತೇನೆ. ಬೇಡ ಬಿಡು, ನಾನು ಮಾತಾಡಿದರೆ ನಿನ್ನ ಕೆಲಸ ಹೋಗುತ್ತದೆ. ಇಲ್ಲಿ ಮುದುಕವ್ವ ಆಯಿ ಗಟ್ಟಿಯಾಗಿದ್ದಾಳೆ. ಕಿವಿ ಪೂರ್ತಿ ಹೋಗಿದೆ, ದನಿ ಮಾತ್ರ ಹೋಗಿಲ್ಲ. ಚರ್ಚಿನಲ್ಲಿ ಎಲ್ಲರೂ ಹಾಡು ಮುಗಿಸಿ ಕುಳಿತ ಮೇಲೂ ಒಬ್ಬಳೇ ಒಂದು ಚರಣ ಹಾಡುತ್ತಾಳೆ. ಪಾಸ್ಟರ್ ನಿಂತು ಕಾಯುತ್ತಾರೆ. ನನಗೂ ಗಿಣಿಗೇರಾದಲ್ಲಿ ಕೆಲಸ ತಪ್ಪಿಲ್ಲ, ಅದಿರಿನ ಲಾರಿಗಳಿಗೆ ತಾಡಪತ್ರಿ ಹೊದಿಸಿ ಹಗ್ಗ ಕಟ್ಟುತ್ತಿದ್ದೇನೆ. ಎಷ್ಟು ತಿಕ್ಕಿದರೂ ಕಿವಿಯೊಳಗಿನ ಕೆಂಪು ಧೂಳು ಹೋಗುವುದಿಲ್ಲ. ಬಿಳಿ ಅಂಗಿ ಭಾನುವಾರಕ್ಕೆ ಅಂತ ಎತ್ತಿಟ್ಟಿದ್ದೇನೆ, ಚಿಂತೆ ಮಾಡಬೇಡ.

ಸುದ್ದಿ ದೊಡ್ಡದಿದೆ, ಸಾಲು ಬಿಟ್ಟು ಓದಬೇಡ. ಫೋನಿನಲ್ಲಿ ಹೇಳೋಣ ಅಂದರೆ ನಾನು ಕಿರುಚುತ್ತೇನೆ, ನೀನು ಅಳುತ್ತೀ, ಮಾತು ಅಲ್ಲಿಗೇ ನಿಲ್ಲುತ್ತದೆ. ನೀನು ಬೈಬಲ್ ಮೇಲೆ ಬೆರಳಿಟ್ಟು ಓದು ಕಲಿತವಳು, ಹಾಗೇ ಬೆರಳಿಟ್ಟು ಓದು. ಅಕ್ಷರ ದಪ್ಪ ಬರೆದಿದ್ದೇನೆ. ಒಂಬತ್ತನೇ ಇಯತ್ತೆಗೆ ಸಾಲಿ ಬಿಟ್ಟವನ ಕಾಗದ ಇದು, ತಪ್ಪಿದ್ದರೆ ಪಾಸ್ಟರ್ ಹೆಂಡತಿಯ ಹಾಗೆ ಕೆಂಪು ಗೆರೆ ಎಳೆಯಬೇಡ.

ಮೇ ತಿಂಗಳಲ್ಲಿ ಕೂದಲ ಗೋದಾಮಿನಲ್ಲಿ ಆದದ್ದು ನಿನಗೆ ಗೊತ್ತಿದ್ದದ್ದೇ. ಆದರೆ ಅದನ್ನು ನಾನು ಹೇಗೆ ನುಂಗಿದೆ ಅನ್ನುವುದು ಗೊತ್ತಿಲ್ಲ. ಹದಿಮೂರು ವರ್ಷ ನೀನು ಅಲ್ಲಿ ಕುಳಿತು ಊರೂರಿನ ಹೆಂಗಸರ ತಲೆಗೂದಲಿನ ಸಿಕ್ಕು ಬಿಡಿಸಿದವಳು. ಒಂದು ಎಳೆ ಹರಿಯದಂತೆ ಬಿಡಿಸುವ ಕೈ ಕೃಪವ್ವನದು ಅಂತ ಮಾಲೀಕನೇ ಹೇಳುತ್ತಿದ್ದ. ಒಂದು ದಿನ ಉದ್ದ ಕೂದಲಿನ ಒಂದು ಕಟ್ಟು ಕಾಣಲಿಲ್ಲ, ಅಷ್ಟಕ್ಕೆ ಮೇಸ್ತ್ರಿ ದೇವದಾನಪ್ಪ ನಲವತ್ತು ಹೆಂಗಸರ ಮುಂದೆ ಕೂಗಿದ: “ಕೃಪವ್ವನ ಚೀಲ ತರ್ರಿ ಇಲ್ಲಿ, ನೋಡೋಣು!” ನಿನ್ನನ್ನು ಕರೆದುಕೊಂಡು ಹೋಗಲು ಬಂದು ನಾನು ಬಾಗಿಲಲ್ಲಿ ನಿಂತಿದ್ದೆ. ಅವನು ಚೀಲ ಸುರುವಿದ. ಅರ್ಧ ರೊಟ್ಟಿ, ಒಂದು ಉಳ್ಳಾಗಡ್ಡಿ, ನಿನ್ನ ಸಣ್ಣ ಹೊಸ ಒಡಂಬಡಿಕೆ ಪುಸ್ತಕ ನೆಲಕ್ಕೆ ಬಿದ್ದವು. ಕಟ್ಟು ಇರಲಿಲ್ಲ. ಆದರೂ ಅವನು “ಇವತ್ತ ಇಲ್ಲಂದ್ರ ಮೊನ್ನೆ ಒಯ್ದಾಳ” ಅಂದ. ಬೇರೆ ಯಾರೋ ಆಗಿದ್ದರೆ ಸರಿ, ನಮ್ಮ ಚರ್ಚಿನ ಹಿರಿಯ ಅವನು, ಕರ್ತನ ಭೋಜನದ ದಿನ ದ್ರಾಕ್ಷಾರಸದ ತಟ್ಟೆ ಹಿಡಿಯುವವನು! ನಾನು ಕೈ ಎತ್ತಿದ್ದೆ. ನೀನು ನೆಲದ ಮೇಲಿನ ಪುಸ್ತಕ ಒರೆಸುತ್ತಾ ನನ್ನ ಮುಖ ಸಹ ನೋಡದೆ ಅಂದೆ: “ಆಮೋಸ, ಕೈ ಇಳಸು. ಅವ ನನ್ನ ಚೀಲ ನೋಡ್ಯಾನ. ನೀ ನಿನ್ನ ಎದಿ ಕಾಯ್ಕೊ.” ಎಂಟು ದಿನದ ಮೇಲೆ ಗೋವಾ ಬಸ್ಸು ಹತ್ತುವಾಗಲೂ ಕಿಟಕಿಯಿಂದ ಅದನ್ನೇ ಅಂದೆ, ಎದಿ ಕಾಯ್ಕೊ. ಬಸ್ಸು ಹೋದ ಮೇಲೆ ನಾನು ಬಸ್‌ಸ್ಟ್ಯಾಂಡಿನ ಕಂಬಕ್ಕೆ ಗುದ್ದಿದೆ. ಕೈ ಊದಿತು. ಅದನ್ನು ಆಗ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಜೂನ್ ಮೊದಲ ಭಾನುವಾರ ಬಂತು, ಕರ್ತನ ರೊಟ್ಟಿ ಮುರಿದು ರಸ ಹಂಚುವ ದಿನ. ಭೋಜನಕ್ಕೆ ಮುಂಚೆ ಪಾಸ್ಟರ್ ಯಾವಾಗಲೂ ಹೇಳುತ್ತಾರಲ್ಲ, ನಿಮ್ಮ ನಿಮ್ಮ ಮನಸ್ಸು ಶೋಧಿಸಿಕೊಳ್ಳಿರಿ ಅಂತ? ಎಲ್ಲರೂ ಕಣ್ಣು ಮುಚ್ಚಿದರು. ನಾನೂ ಮುಚ್ಚಿದೆ. ನನ್ನೊಳಗೆ ಏನಿತ್ತು ಗೊತ್ತಾ? ದೇವದಾನಪ್ಪನ ಬಲಗೈ, ನಾನು ಮೊಣಕೈಯಿಂದ ಮುರಿದ ಹಾಗೆ. ಅದೇ ಕೈಯಿಂದ ಅವನು ನನಗೆ ಬಟ್ಟಲು ಕೊಡಬೇಕು, ನಾನು ಕುಡಿಯಬೇಕು. ಆಗಲಿಲ್ಲ. ಕುಳಿತೇ ಇದ್ದೆ. ಇಡೀ ಸಭೆ ಸಾಲು ಹಚ್ಚಿ ಹೋಗಿ ಬಂತು, ಹಿಂದಿನ ಬೆಂಚಿನಲ್ಲಿ ನಾನೊಬ್ಬನೇ. ಆಯಿ ವಾಪಸ್ ಬಂದು ತಲೆಗೆ ಮೊಟಕಿದಳು. ಜುಲೈಯಲ್ಲಿ ಹಾಗೇ. ಆಗಸ್ಟಿನಲ್ಲಿ ಹಾಗೇ. ನಮ್ಮ ಜನ ನಿನಗೆ ಗೊತ್ತಲ್ಲ, ರೊಟ್ಟಿ ಮುಟ್ಟದವನನ್ನು ನೋಡಿದರೆ ಅವನು ಯಾವ ಪಾಪ ಮಾಡಿದ್ದಾನೆ ಅಂತ ತಾವೇ ಹುಡುಕಿ ಕೊಡುತ್ತಾರೆ. ಎಸ್ತೇರವ್ವ ಮೊದಲು “ಹುಡುಗ ಗಿಣಿಗೇರಾದಾಗ ಕುಡಿಯಾಕ ಹತ್ಯಾನ” ಅಂದಳು. ಆಮೇಲೆ “ಫೋನಿನ್ಯಾಗ ಇಸ್ಪೀಟ ಆಡ್ತಾನಂತ” ಅಂದಳು. ಆಗಸ್ಟಿಗೆ ನನಗೊಬ್ಬ ಹುಡುಗಿಯನ್ನೂ ಗಂಟು ಹಾಕಿದಳು, ಕುಕನೂರಿನವಳಂತೆ. ನಾನು ಕುಕನೂರಿಗೆ ಹೋಗಿ ಎರಡು ವರ್ಷ ಆಯಿತು ಅವ್ವಾ! ಕುಡಿಯುವ ಹುಡುಗರು ಕೆಲಸದಲ್ಲಿ ಇದ್ದಾರೆ, ಕರೆಯುತ್ತಾರೆ, ಸುಳ್ಳು ಯಾಕೆ ಹೇಳಲಿ. ಹೋಗಲಿಲ್ಲ. ಆ ಆಸೆ ಹೊರಗಿನಿಂದ ಬಂದು ಬಾಗಿಲು ಬಡಿಯುತ್ತದೆ, ತೆರೆಯದಿದ್ದರೆ ಆಯಿತು. ಈ ಸಿಟ್ಟು ಒಳಗೇ ಚಾಪೆ ಹಾಸಿಕೊಂಡು ಮಲಗಿದೆ.

ನನ್ನ ಜೊತೆ ಹಗ್ಗ ಎಳೆಯುವ ಮೌಲಾಹುಸೇನ ಒಂದು ದಿನ ಅಂದ: “ಬೆರಳಿನಷ್ಟು ರೊಟ್ಟಿ ತಿನ್ನಾಕ ಇಷ್ಟ್ಯಾಕ ಲಡಾಯಿಲೇ? ನಮ್ಮ ಮನಿಗೆ ಬಾ, ಬಿರ್ಯಾನಿ ತಿನ್ನು, ಯಾರೂ ಏನೂ ಕೇಳಂಗಿಲ್ಲ.” ನಾನು “ನೀ ಕೈಕಾಲ ತೊಳಿಲಾರದ ನಮಾಜಿಗೆ ನಿಂದರತೀಯೇನಲೇ?” ಅಂದೆ. ಅವನು ಹಗ್ಗದ ಗಂಟು ಬಿಗಿದ. “ಹಂಗಾರ ಕುಂದ್ರು, ಸರಿ ಐತಿ” ಅಂದ. ಇಡೀ ಸಭೆಗೆ ತಿಳಿಯದ್ದು ಅವನಿಗೆ ಒಂದೇ ಮಾತಿಗೆ ತಿಳಿಯಿತು.

ಈಗ ಕೇಳು. ಮೊನ್ನೆ ಏಳನೇ ತಾರೀಖು, ಮೊದಲ ಭಾನುವಾರ. ರಸದ ತಟ್ಟೆ ಹಿಡಿದು ನಿಂತವನು ದೇವದಾನಪ್ಪ ಅಲ್ಲ, ಪಾಸ್ಟರ್ ಅಳಿಯ. ಸಾಲು ಎದ್ದಿತು, ಮುಂದೆ ಹೋಯಿತು, ಬೆಂಚುಗಳೆಲ್ಲ ಖಾಲಿಯಾದವು. ಖಾಲಿಯಾದ ಮೇಲೆ ನೋಡುತ್ತೇನೆ, ಕುಳಿತವರು ಇಬ್ಬರು. ಹಿಂದೆ ನಾನು. ಮುಂದೆ ಎರಡನೇ ಬೆಂಚಿನ ತುದಿಯಲ್ಲಿ ದೇವದಾನಪ್ಪ. ಇಪ್ಪತ್ತು ವರ್ಷ ತಟ್ಟೆ ಹಿಡಿದವನು ತಲೆ ಬಗ್ಗಿಸಿ ಕುಳಿತಿದ್ದಾನೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದರು. ನಾನು ಎದ್ದು ಅವನ ಕಡೆ ನಡೆದೆ. ಅವನ ಕೈ ಮುರಿಯುತ್ತೇನೆ ಅಂತ ಚಹಾದಂಗಡಿಯಲ್ಲಿ ನಾನು ಹೇಳಿದ್ದು ಎಲ್ಲರ ಕಿವಿಗೂ ಬಿದ್ದಿತ್ತು, ಹಾಡು ನಿಂತಿತು. ಆಯಿ ಒಬ್ಬಳೇ ಹಾಡುತ್ತಿದ್ದಳು. ಹತ್ತಿರ ಹೋದೆ. ಅವನು ತಲೆ ಎತ್ತಲಿಲ್ಲ. ಮೆಲ್ಲಗೆ ಅಂದ: “ಹೊಡಿಯಪಾ. ಆ ಕಟ್ಟು ಸಿಕ್ಕೈತಿ. ನಾನ ಬ್ಯಾರೆ ಚೀಲದಾಗ ತುಂಬಿ ಹೊಲಿದಿದ್ದೆ. ಹೋದ ವಾರ ಬಿಚ್ಚಿದಾಗ ಬಂತು. ಹೇಳಾಕ ಬಾಯಿ ಬರವಲ್ತು.”

ಅವ್ವಾ, ಆ ಕ್ಷಣ ನನ್ನ ಮುಷ್ಟಿ ತಾನೇ ಕಟ್ಟಿತ್ತು. ಹೊಡೆಯುವುದೂ ಬೇಕಿರಲಿಲ್ಲ. ನಿನ್ನ ಚೀಲ ಸುರುವಿದ ಹಾಗೆ ಅವನನ್ನು ಅಲ್ಲೇ, ಆ ಎಲ್ಲರ ಮುಂದೆ, ನನ್ನ ಬಾಯಿಂದ ಸುರುವಿ ಬಿಡಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು, ಸಿಹಿಯಾಗಿತ್ತು, ದೇವರಾಣೆ ಸಿಹಿಯಾಗಿತ್ತು. ನಿನ್ನ ಮಾತು ನೆನಪಾಯಿತು. ಕೈ ಬಿಚ್ಚಿದೆ. “ಕಾಕಾ, ಇದು ನಾ ಹೇಳೋ ಮಾತಲ್ಲ. ನೀವ ಎದ್ದ ಹೇಳ್ರಿ. ಚೀಲ ಸುರುವಿದಾಗ ಎಷ್ಟ ಜೋರ ಹೇಳಿದ್ರಿ, ಅಷ್ಟ ಜೋರ ಹೇಳ್ರಿ” ಅಂದೆ. ಅವನು ಎದ್ದ. ಬೆಂಚು ಹಿಡಿದುಕೊಂಡು ಹೇಳಿದ, ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ. “ಹಿಂದ ಕೇಳಸವಲ್ತು ಕಾಕಾ” ಅಂದೆ. ಮತ್ತೆ ಹೇಳಿದ, ಈ ಸಲ ಗೋಡೆಗೆ ಬಡಿಯುವಂತೆ: “ಕೃಪವ್ವ ಕದ್ದಿಲ್ಲ. ತಪ್ಪ ನಂದು.” ನನಗೆ ಮೂರನೇ ಸಲವೂ ಬೇಕಿತ್ತು. ಬಾಯಿ ತೆರೆದಿದ್ದೆ ಕೂಡ. ಎರಡನೇ ಸಲ ನಿನಗಾಗಿ ಹೇಳಿಸಿದ್ದು, ಮೂರನೆಯದು ನನ್ನ ಚಪಲಕ್ಕೆ. ಅದು ತಿಳಿದು ಬಾಯಿ ಮುಚ್ಚಿದೆ. ನಿನ್ನ ಮಗ ಜನ್ಮದಲ್ಲಿ ಮೊದಲ ಸಲ ಬಾಯಿ ಮುಚ್ಚಿದ್ದು ಅವತ್ತು, ಬರೆದಿಟ್ಟುಕೊ.

ಎಸ್ತೇರವ್ವ ಸೆರಗು ಕಣ್ಣಿಗೆ ಒತ್ತಿಕೊಂಡು “ಕೃಪವ್ವ ಅಂಥಾಕಿ ಅಲ್ಲ ಅಂತ ನಾ ಮೊದಲ ಅಂದಿದ್ದೆ” ಅಂದಳು. ಅಂದಿರಲಿಲ್ಲ, ಬಿಡು. ನನಗೆ ಎದೆ ಉಬ್ಬಿತ್ತು. ಕಳ್ಳಿ ಅನ್ನಿಸಿಕೊಂಡೂ ಒಬ್ಬರಿಗೂ ಕೆಟ್ಟ ಮಾತು ಆಡದೆ ಊರು ಬಿಟ್ಟವಳ ಮಗ ನಾನು. ಆ ಬಾಗಿಲಿನಿಂದ ಈ ಬಾಗಿಲಿನ ತನಕ ನಿನ್ನ ಹೆಸರು ಕೇಳಿಸಿತು. ಪಾಸ್ಟರ್ ಇಬ್ಬರನ್ನೂ ಮುಂದೆ ಕರೆದರು. ದೇವದಾನಪ್ಪ ಹೋದ, ರೊಟ್ಟಿ ತಗೊಂಡ. ನಾನು ಹಿಂದಿನ ಬೆಂಚಿಗೆ ಬಂದು ಮತ್ತೆ ಕುಳಿತೆ. ಪಾಸ್ಟರ್ “ಇನ್ನೇನ ಉಳದೈತೋ ಆಮೋಸ?” ಅಂದರು. ನಾನು ಬೆಂಚು ಬಿಟ್ಟು ಏಳಲಿಲ್ಲ. ಸೊಕ್ಕು ಅಂತ ಜನ ಅಂದುಕೊಂಡರು. ಅಂದುಕೊಳ್ಳಲಿ. ನಾಲ್ಕು ತಿಂಗಳು ಹಸಿದು ಕುಳಿತೆ, ಸುಳ್ಳು ಎದೆ ಇಟ್ಟುಕೊಂಡು ಆ ಮೇಜಿಗೆ ಹೋಗಲಿಲ್ಲ. ಅದೊಂದು ಹೆಮ್ಮೆಯನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.

ದೇವದಾನಪ್ಪ ಸೋಮವಾರ ಮನೆಗೆ ಬಂದಿದ್ದ. ಹೊರಗೆ ಕಟ್ಟೆಯ ಮೇಲೆ ಕುಳಿತ, ಒಳಗೆ ಬರಲಿಲ್ಲ. ಆಯಿ ನೀರು ಕೊಟ್ಟಳು. ನಾನು ಕೊಡಲಿಲ್ಲ, ಆದರೆ ಏಳು ಅಂತಲೂ ಅನ್ನಲಿಲ್ಲ. ಗೋದಾಮಿನಲ್ಲೂ ಆ ನಲವತ್ತು ಹೆಂಗಸರ ಮುಂದೆ ಹೇಳಿದ್ದಾನಂತೆ. ನಿನ್ನ ಜಾಗ ಖಾಲಿ ಇದೆಯಂತೆ. ಬರುವುದು ಬಿಡುವುದು ನಿನ್ನ ಇಷ್ಟ. ಬಂದರೆ ಹಗಲು ಬಸ್ಸಿಗೇ ಬಾ, ಎಲ್ಲರೂ ನೋಡಲಿ. ಚಿಗವ್ವನಿಗೆ, ಮಕ್ಕಳಿಗೆ ನನ್ನ ವಂದನೆ ಹೇಳು. ಆಯಿ ನಿನ್ನ ತಲೆ ಮೇಲೆ ಕೈ ಇಟ್ಟಂತೆ ತಿಳಿದುಕೋ ಅಂತ ಈ ಕಾಗದದ ಮೇಲೆ ಕೈ ಇಟ್ಟಿದ್ದಾಳೆ, ಎಣ್ಣೆಯ ಗುರುತು ಅದೇ. ಕರ್ತನು ನಿನ್ನ ಮೊಳಕಾಲನ್ನೂ ನಿನ್ನನ್ನೂ ಕಾಯಲಿ.

ನಿನ್ನ ಮಗ,
ಆಮೋಸ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಪಾಸ್ಟರ್ ಕೇಳಿದ್ದಕ್ಕೆ ಉತ್ತರ ಇದು. ಅವನು ಚೀಲ ಸುರುವಿದ ದಿನ ಸಂಜೆ ನೀನು ನಲ್ಲಿಗೆ ನೀರಿಗೆ ಹೋಗಿದ್ದೆ. ನಾನು ನಿನ್ನ ಟ್ರಂಕ್ ತೆಗೆದು ನೋಡಿದೆ. ಕಟ್ಟು ಇರಬಹುದಾ ಅಂತ. ನಿನ್ನ ಮದುವೆಯ ಸೀರೆಯ ಕೆಳಗೂ ಕೈ ಹಾಕಿದೆ. ಸಿಕ್ಕಿದ್ದು ನನ್ನ ಸಾಲಿಯ ಗುರುತಿನ ಚೀಟಿ. ಸಾಲಿ ಬಿಟ್ಟ ದಿನ ನಾನು ಹರಿದು ಒಗೆದದ್ದನ್ನು ನೀನು ಅನ್ನದ ಅಗಳು ಹಚ್ಚಿ ಕೂಡಿಸಿ ಇಟ್ಟಿದ್ದೆ. ದೇವದಾನಪ್ಪ ಎಲ್ಲರ ಮುಂದೆ ನೋಡಿದ, ನಾನು ಕದ್ದು ನೋಡಿದೆ. ಅವನ ಮೇಲಿನ ಸಿಟ್ಟು ಅರ್ಧ ನನ್ನ ಮೇಲಿನದೇ ಅಂತ ಅವನು ರೊಟ್ಟಿ ತಗೊಂಡಾಗ ತಿಳಿಯಿತು. ಅವ್ವಾ, ತಪ್ಪಾಯಿತು. ಅಕ್ಟೋಬರ್ ಐದಕ್ಕೆ ಮೊದಲ ಭಾನುವಾರ. ಉದ್ದ ಕಾಗದ ಬೇಡ, “ಹೋಗು” ಅಂತ ಒಂದೇ ಮಾತು ಬರೆ. ಆ ಮಾತು ಬಂದರೆ ಬಿಳಿ ಅಂಗಿ ಹಾಕಿಕೊಂಡು ಮುಂದೆ ಹೋಗುತ್ತೇನೆ. ಬರದಿದ್ದರೆ ಹಿಂದಿನ ಬೆಂಚಿನಲ್ಲೇ ಇರುತ್ತೇನೆ, ಯಾರಿಗೂ ಯಾಕೆ ಅಂತ ಹೇಳುವುದಿಲ್ಲ.