ಹಕ್ಕಿ ಏಳುವ ತನಕ

ಮೇ 19, ಬೆಳಿಗ್ಗೆ

ಕಾಫಿ. ಮಂಜು. ಲೂನ್ ಹಕ್ಕಿ ಗೂಡಿನಲ್ಲೇ ಇದೆ. ಇಡೀ ಸರೋವರ ಬಿಟ್ಟು ನಮ್ಮ ದ್ವೀಪದ ದೋಣಿಕಟ್ಟೆಯ ಪಕ್ಕವೇ ಬೇಕಾಯಿತೇ ಈ ಮಹಾರಾಯಿತಿಗೆ! ಎರಡು ಮೊಟ್ಟೆ. ನೆಲದ ಮೇಲೆ ನಡೆಯಲು ಬಾರದ ಹಕ್ಕಿ, ನೀರಂಚೇ ಗತಿ. ಟೊಯಿವೊ ಖಾಲಿ ಹಾಲಿನ ಕ್ಯಾನುಗಳನ್ನು ಹಗ್ಗಕ್ಕೆ ಕಟ್ಟಿ ಸುತ್ತ ಬೇಲಿಯಂತೆ ತೇಲಿಬಿಟ್ಟ. ಸರೋವರ ಸಂಘದ ಲೂನ್ ಕಾವಲುಗಾರನಲ್ಲವೇ ನನ್ನ ಗಂಡ...

"ಮರಿ ಆಗೋ ತನಕ ಬೋಟು ತೆಗೆಯೋ ಹಾಗಿಲ್ಲ. ಅಲೆ ಎದ್ರೆ ಗೂಡು ಮುಳುಗುತ್ತೆ."

ಆಗಲಿ ಎಂದೆ. ನಾಲ್ಕು ವಾರ ತಾನೆ.

ಮೇ 28

ತಂಗಿ ಲೆಂಪಿಯ ಫೋನು, ಡುಲುತ್ ನಗರದ ಆಸ್ಪತ್ರೆಯಿಂದ. "ಔಷಧಿ ನಿಲ್ಸಿದಾರೆ ಅಕ್ಕಾ. ಒಂದ್ಸಲ ಬಂದು ಹೋಗೇ."

ಹೇಗೆ ಹೋಗಲಿ? ದ್ವೀಪದ ಹಿಂಬದಿ ಬರೀ ಬಂಡೆ. ಆಚೆ ದಡದ ವೆಸ್ ಅಲ್ಲಿಗೆ ದೋಣಿ ತಂದು ಹಗ್ಗದಲ್ಲಿ ಸಾಮಾನು ಮೇಲೇರಿಸುತ್ತಾನೆ. ನನ್ನ ಮಂಡಿಗೆ ಆ ಇಳಿಜಾರು ಆಗದು.

ಟೊಯಿವೊಗೆ ಹೇಳಿದೆ. "ಮೊಟ್ಟೆ ಕೊಲ್ಲೋಕೆ ಹೊರಟ್ಯಾ?" ಎಂದ. ಲೆಂಪಿಯನ್ನು ಕಂಡರೆ ಅವನಿಗೆ ಆಗದು. ಇವನನ್ನು ಮದುವೆಯಾಗಬೇಡ ಎಂದವಳು ಅವಳೊಬ್ಬಳೇ.

ಜೂನ್ 3

ಕರಿನೊಣ. ಹಕ್ಕಿಯ ತಲೆ ತುಂಬ ಮುತ್ತಿವೆ, ಆದರೂ ಕದಲುವುದಿಲ್ಲ ಪಾಪ. ಹದ್ದು ಬಂತು. ಗಂಡು ಹಕ್ಕಿ ನೀರಿನ ಮೇಲೆ ಎದ್ದುನಿಂತು ಕೂಗಿತು. ನಾನು ಕೂಗಿದರೆ ಯಾರಿಗೆ ಕೇಳೀತು?

ಜೂನ್ 17

ಮರಿ ಇಲ್ಲ. "ತಡವಾಗಿ ಇಟ್ಟಿರ್ಬೇಕು" ಎಂದ ಟೊಯಿವೊ.

ಜೂನ್ 26

ಮರಿ ಇಲ್ಲ. ಫೋನಿನಲ್ಲಿ ಲೆಂಪಿಯ ದನಿ ಕೇಳಿಸುವುದೇ ಕಷ್ಟ. "ಹಕ್ಕಿ ಎದ್ದಿತೇನೇ?" ಎಂದು ನಗಲು ನೋಡಿದಳು. ಅತ್ತುಬಿಟ್ಟೆ.

ಜುಲೈ 5, ಶನಿವಾರ

ವೆಸ್ ಬಂದ. ನಾನು ಬಂಡೆಯ ಮೇಲೆ, ಅವನು ಕೆಳಗೆ.

"ಏನ್ ಸೈಮಿಯಕ್ಕಾ, ಇನ್ನೂ ಬೋಟು ತೆಗೆದಿಲ್ವಾ?"

"ಹಕ್ಕಿ ಕೂತಿದೆಯಲ್ಲಪ್ಪ."

"ಕೂತಿರುತ್ತೆ! ಕೆಟ್ಟ ಮೊಟ್ಟೆ ಮೇಲೂ ವಾರಗಟ್ಲೆ ಕೂರುತ್ತೆ, ಹುಚ್ಚುಮುಂಡೇದು. ಮೊಟ್ಟೆ ಕೆಟ್ಟೋಗಿವೆ ಅಂತ ಟೊಯಿವೊನೇ ಸಂಘಕ್ಕೆ ಫೋನ್ ಮಾಡಿ ಹೇಳಿದಾನೆ, ಎರಡು ವಾರ ಆಯ್ತು. ನಿಂಗೆ ಹೇಳ್ಲಿಲ್ವಾ?"

ಹೇಳಲಿಲ್ಲ.

ಕಟ್ಟೆಗೆ ಹೋದೆ. ಹಕ್ಕಿ ಸರಕ್ಕನೆ ನೀರಿಗೆ ಜಾರಿತು. ಬಗ್ಗಿ ನೋಡಿದೆ. ನೊಣ. ಕೊಳೆತ ನಾತ. ಎರಡು ವಾರ! ದಿನಾ ಇಲ್ಲಿ ಬಂದು ನೋಡಿ, ಒಳಗೆ ಬಂದು ನಾನು ಬಡಿಸಿದ ಬಟಾಣಿ ಸೂಪು ಕುಡಿದು, "ಇನ್ನೊಂದೆರಡು ದಿನ" ಅನ್ನುತ್ತಿದ್ದನಲ್ಲ.

ಅದೇ ದಿನ, ಸಂಜೆ

ಶನಿವಾರದ ಸೌನಾ, ವಾರಕ್ಕೊಮ್ಮೆ ಹಬೆಮನೆಯ ಸ್ನಾನ. ಇವತ್ತು ಒಲೆ ನಾನೇ ಹೊತ್ತಿಸಿದೆ. ಸೌದೆ ಧಾರಾಳ.

"ಭೇಷಾಗಿ ಕಾದಿದೆ ಕಣೇ, ನೀನೂ ಬಾ."

"ನೀನು ಮೊದ್ಲು ಹೋಗು. ಬ್ರೆಡ್ಡು ಒಲೇಲಿದೆ."

ಪ್ಯಾಂಟು ಬಾಗಿಲ ಹೊರಗಿನ ಮೊಳೆಗೆ ನೇತುಹಾಕಿ ಒಳಗೆ ಹೋದ. ಬೋಟಿನ ಕೀಲಿ ಅದರ ಜೇಬಿನಲ್ಲೇ ಇತ್ತು. ಪ್ಯಾಂಟನ್ನೂ ತಂದೆ. ಬರುವುದಾದರೆ ಬೆತ್ತಲೆ ಬರಲಿ, ಸರೋವರವೆಲ್ಲ ನೋಡಲಿ!

ಕ್ಯಾನುಗಳ ಹಗ್ಗ ಕೊಯ್ದಾಯಿತು. ಬೋಟಿನಲ್ಲಿ ಕೂತು ಬರೆಯುತ್ತಿದ್ದೇನೆ. ಅವನು ಇನ್ನೊಮ್ಮೆ ಒಲೆಯ ಕಾದ ಕಲ್ಲಿಗೆ ನೀರು ಸುರಿಯಲಿ, ಆ ಸದ್ದಿನಲ್ಲಿ ಹೊರಡುತ್ತೇನೆ. ಹಕ್ಕಿ ಮತ್ತೆ ಬಂದು ಕೂತಿದೆ, ಕೆಂಪು ಕಣ್ಣು ಬಿಟ್ಟುಕೊಂಡು. ಏಳು ತಾಯಿ, ನೀನೂ ಏಳು. ಲೆಂಪೀ, ಬಂದೆ ಕಣೇ, ತಡ್ಕೊ —

ಕಲ್ಲು ಸುಯ್ ಎಂದಿತು. ಈಗ